ಬೆಕ್ಕಿನ ಮರಿ ತಂದರೆ 4 ಮತ್ತು 7 ವರ್ಷದ ಮಕ್ಕಳಿಗೆ ಜವಾಬ್ದಾರಿ ಬರುತ್ತದೆಯೇ?

ಮಕ್ಕಳಿಬ್ಬರೂ ಬೆಕ್ಕಿನ ಮರಿ ಬೇಕೆಂದು ಹಟ ಹಿಡಿದಿದ್ದಾರೆ, ಮೂರನೇ ಮಹಡಿಯ ಫ್ಲ್ಯಾಟು, ಯಾವ ಕೆಲಸ ಯಾರಿಗೆ ಹಂಚಲಿ ಎಂದು ಕೇಳಿದ್ದೀರಿ. ಜವಾಬ್ದಾರಿ ಬರಲಿ ಎಂಬ ಒಂದೇ ಕಾರಣಕ್ಕೆ ದಯವಿಟ್ಟು ತರಬೇಡಿ. ಮನೆಯೊಳಗೇ ಚೆನ್ನಾಗಿ ಸಾಕಿದ ಬೆಕ್ಕು 15 ವರ್ಷ ಬದುಕುತ್ತದೆ. ನಿಮ್ಮ ಮಗ ಕಾಲೇಜು ಮುಗಿಸುವಾಗಲೂ ಅದು ಮನೆಯಲ್ಲಿರುತ್ತದೆ. ಊಟ, ಲಸಿಕೆ, ಡಾಕ್ಟರ ಖರ್ಚು ಎಲ್ಲ ಕೊನೆಯವರೆಗೂ ನಿಮ್ಮದೇ. ಈ ವಯಸ್ಸಿನ ಮಕ್ಕಳಿಗೆ ಕಲಿಸಬೇಕಾದ ದೊಡ್ಡ ಪಾಠವೆಂದರೆ, ಬೆಕ್ಕು ಬೇಡ ಅನ್ನುವಾಗ ಅದನ್ನು ಅರ್ಥ ಮಾಡಿಕೊಂಡು ಕೈ ಹಿಂದೆ ತೆಗೆಯುವುದು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅನ್ನುತ್ತೇವಲ್ಲ, ಪುಟ್ಟ ಮಕ್ಕಳಿರುವ ಮನೆಯಲ್ಲಿ ಇಲಿಯ ಪಾಡು ಬೆಕ್ಕಿಗೇ ಬರುತ್ತದೆ.

ಎರಡು ಮಕ್ಕಳು, ಎರಡು ಬೆಕ್ಕುಗಳಿರುವ ನಮ್ಮ ಮನೆಯಲ್ಲಿ ನಡೆದುಕೊಂಡು ಬಂದ ಕ್ರಮ ಹೇಳುತ್ತೇನೆ. ಮಗು ನೆಲದ ಮೇಲೆ ಕೂರಬೇಕು. ಬೆಕ್ಕಿನ ಹಿಂದೆ ಓಡುವಂತಿಲ್ಲ, ಎತ್ತಿಕೊಳ್ಳುವಂತಿಲ್ಲ. ಒಂದು ಬೆರಳನ್ನು ಬೆಕ್ಕಿನ ಮೂಗಿನ ಮಟ್ಟಕ್ಕೆ ಚಾಚಿ ಸುಮ್ಮನಿರಬೇಕು. ಬೆಕ್ಕಿಗೆ ಮನಸ್ಸಿದ್ದರೆ ಅದೇ ಮುಂದೆ ಬಂದು ಮೂಸಿ, ಕೆನ್ನೆಯನ್ನು ಬೆರಳಿಗೆ ಉಜ್ಜುತ್ತದೆ. ಆಗ ಕೆನ್ನೆ, ಗದ್ದ, ಕಿವಿಯ ಬುಡ ಇಷ್ಟನ್ನು ಮಾತ್ರ ಮೂರು ಸಲ ಸವರಿ ಕೈ ತೆಗೆಯಬೇಕು. ಇನ್ನೂ ಬೇಕಿದ್ದರೆ ಅದು ತಲೆಯಿಂದ ಕೈಯನ್ನು ದೂಡುತ್ತದೆ. ಬೇಡವಾಗಿದ್ದರೆ ಬಾಲದ ತುದಿ ಪಟಪಟ ಹೊಡೆದುಕೊಳ್ಳುತ್ತದೆ, ಬೆನ್ನಿನ ಚರ್ಮ ಅದುರುತ್ತದೆ, ಕಿವಿಗಳು ಪಕ್ಕಕ್ಕೆ ಮಡಚಿಕೊಳ್ಳುತ್ತವೆ. ಪರಚುವುದು ಇದೆಲ್ಲ ಆದ ಮೇಲೆ. ನಮ್ಮ ಕಿರಿಯವಳು ಈಗ ದೂರದಿಂದಲೇ ಬಾಲ ನೋಡಿ, ‘ಅದಕ್ಕೆ ಸಾಕಂತೆ’ ಅನ್ನುತ್ತಾಳೆ. ಅಂಗಾತ ಮಲಗಿ ಹೊಟ್ಟೆ ತೋರಿಸಿದರೂ ಮುಟ್ಟಬಾರದು ಎಂದು ಬೇರೆಯಾಗಿಯೇ ಹೇಳಿಕೊಡಿ. ಅದು ನೆಮ್ಮದಿಯಿಂದಿದೆ ಎಂದಷ್ಟೇ ಅದರ ಅರ್ಥ. ಇನ್ನು ಬೀರುವಿನ ಮೇಲೋ ಕಪಾಟಿನ ಮೇಲೋ ಮಕ್ಕಳ ಕೈಗೆ ಎಟುಕದ ಒಂದು ಜಾಗ ಇರಲಿ. ಬೆಕ್ಕು ಅಲ್ಲಿದ್ದಾಗ, ಉಣ್ಣುವಾಗ, ಮಲಗಿದಾಗ ಯಾರೂ ಕರೆಯಬಾರದು.

ಪರಚಿದರೆ ಅಥವಾ ಕಚ್ಚಿದರೆ ಆ ಕ್ಷಣವೇ ಬಂದು ಹೇಳಬೇಕು, ಹೇಳಿದ್ದಕ್ಕೆ ಯಾರೂ ಬೈಯುವುದಿಲ್ಲ ಎಂಬ ಧೈರ್ಯವನ್ನು ಮಕ್ಕಳಿಗೆ ಮೊದಲೇ ಕೊಡಿ. ಬೈಗುಳಕ್ಕೆ ಹೆದರಿ ಮಕ್ಕಳು ಗಾಯ ಮುಚ್ಚಿಡುತ್ತಾರೆ, ನನಗೆ ಅತಿ ಭಯ ಹುಟ್ಟಿಸುವುದು ಇದೇ. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ, ಲಕ್ಷಣ ಕಾಣಿಸಿಕೊಂಡ ಮೇಲೆ ಮಗುವನ್ನು ಉಳಿಸಿಕೊಳ್ಳುವುದು ಹೆಚ್ಚುಕಡಿಮೆ ಅಸಾಧ್ಯ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಮೆತ್ತಬೇಡಿ. ಸಾಕಿದ ಬೆಕ್ಕಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ಡಾಕ್ಟರು ಹೇಳಿದಂತೆ ಮುಂದುವರಿಸಿ. ಸುಮಾರು ಎರಡು ತಿಂಗಳ ವಯಸ್ಸಿಗೆ ಶುರುವಾಗುವ ಬೇರೆ ಲಸಿಕೆಗಳೂ ಇವೆ.

ಕೆಲಸದ ವಿಷಯಕ್ಕೆ ಬಂದರೆ, ಮಗಳು ನಿಮ್ಮ ಜೊತೆ ನಿಂತು ನೀರಿನ ಬಟ್ಟಲು ತುಂಬಿಸಲಿ. ಮಗ ಊಟವನ್ನು ಅಳತೆ ಮಾಡಿ ಹಾಕಲಿ, ಬಾಚಣಿಗೆಯಿಂದ ಬಾಚಲಿ, ಕೋಲಿಗೆ ಗರಿ ಕಟ್ಟಿ ಆಡಿಸಲಿ. ಬರಿಗೈಯಲ್ಲಿ ಆಡಿಸಿದರೆ ಕೈ ಕಚ್ಚುವುದೇ ಆಟವೆಂದು ಮರಿ ಕಲಿಯುತ್ತದೆ. ಮಲದ ತಟ್ಟೆ ದೊಡ್ಡವರೇ ತೆಗೆಯಬೇಕು. ಮನೆಯಲ್ಲಿ ಗರ್ಭಿಣಿಯರಿದ್ದರೆ ಅವರಂತೂ ಬೇಡ.

ನಮ್ಮಲ್ಲಿ ಬೆಕ್ಕೆಂದರೆ ಹಾಲು, ಹಾಲನ್ನ, ಮೊಸರನ್ನ. ದೊಡ್ಡ ಬೆಕ್ಕುಗಳಲ್ಲಿ ಅನೇಕಕ್ಕೆ ಹಸುವಿನ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಮಾಂಸಾಹಾರದಲ್ಲಿ ಸಿಗುವ ಟಾರಿನ್ ಎಂಬ ಅಂಶ ಕಡಿಮೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಮನೆಯಲ್ಲಿ ಮೀನು, ಮಾಂಸ ಮಾಡದವರು ಬೆಕ್ಕಿನ ಸಿದ್ಧ ಆಹಾರವನ್ನಾದರೂ ಹಾಕಲೇಬೇಕು. ಅದೂ ಆಗದಿದ್ದರೆ ಮೊಲ ಸಾಕಿ, ಬೆಕ್ಕು ಬೇಡ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟು ಅದಕ್ಕೆ ವಿಷ. ಮಕ್ಕಳ ಜ್ವರಕ್ಕೆ ಇಟ್ಟಿರುವ ಪ್ಯಾರಾಸಿಟಮಾಲ್ ಸ್ವಲ್ಪ ಹೊಟ್ಟೆಗೆ ಹೋದರೂ ಪ್ರಾಣಕ್ಕೆ ಅಪಾಯ. ಗೊಂಬೆಯಾಟದಲ್ಲಿ ಡಾಕ್ಟರಾಗುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ. ಮಲ್ಲಿಗೆ ದಂಡೆಯ ದಾರ, ಗಾಳಿಪಟದ ದಾರ, ರಬ್ಬರ್ ಬ್ಯಾಂಡು ನೆಲದ ಮೇಲೆ ಬಿದ್ದಿರಬಾರದು. ನುಂಗಿದ ದಾರ ಕರುಳನ್ನು ಮುದುಡಿಸಿ ಹರಿದುಹಾಕಬಹುದು. ಹಿಂದಿನಿಂದ ದಾರ ಇಣುಕುತ್ತಿದ್ದರೆ ಎಳೆಯಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ.

ಬಾಲ್ಕನಿಗೂ ಕಿಟಕಿಗೂ ಬಲೆ ಹಾಕಿಸಿದ ಮೇಲೆಯೇ ಬೆಕ್ಕು ಮನೆಗೆ ಬರಲಿ. ಐದಾರು ತಿಂಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಗರ್ಭ ಕಟ್ಟಿದ ಎರಡು ತಿಂಗಳಲ್ಲಿ ಮರಿಗಳು ಬರುತ್ತವೆ, ಅವಕ್ಕೆ ಮನೆ ಹುಡುಕುವುದು ಸುಲಭವಲ್ಲ. ಬೇಸರವಾಯಿತೆಂದು ಗೋಣಿಚೀಲದಲ್ಲಿ ತುಂಬಿ ಮಾರ್ಕೆಟ್ ಹತ್ತಿರ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅದನ್ನು ನೋಡಿದ ಮಕ್ಕಳು ಏನು ಕಲಿಯುತ್ತಾರೆ ಎಂದು ನಾನು ಹೇಳಬೇಕಿಲ್ಲ.

ಕೊನೆಗೆ, ಮರಿಯೇ ಬೇಕೆಂದಿದ್ದರೆ ತಾಯಿಯಿಂದ ಎಂಟು ವಾರಕ್ಕೆ ಮೊದಲು ಬೇರೆ ಮಾಡಬೇಡಿ, ಹನ್ನೆರಡು ವಾರವಾದರೆ ಇನ್ನೂ ಒಳ್ಳೆಯದು. ಆದರೆ ನಿಮ್ಮ ಮಗಳಿಗಿನ್ನೂ 4 ವರ್ಷ. ಮಕ್ಕಳ ಜೊತೆ ಹೊಂದಿಕೊಂಡಿರುವ, ವರ್ಷ ದಾಟಿದ ಬೆಕ್ಕನ್ನು ದತ್ತು ತೆಗೆದುಕೊಳ್ಳಿ ಅನ್ನುತ್ತೇನೆ. ಅದರ ಸ್ವಭಾವ ಮೊದಲೇ ಗೊತ್ತಿರುತ್ತದೆ, ಪುಟ್ಟ ಕೈಯ ಹಿಡಿತಕ್ಕೆ ಮೂಳೆ ಮುರಿಯುವ ಭಯವೂ ಕಡಿಮೆ. ಮನೆಯವರೆಲ್ಲ ಹೋಗಿ ಒಂದು ಗಂಟೆ ಅದರ ಜೊತೆ ಕೂತು ನೋಡಿ, ತರುವ ಮಾತು ಆಮೇಲೆ.