ಉಬುಂಟು ಬದಲಿಸುವ ಮೊದಲು ರ‍್ಯಾಮ್ ಪರೀಕ್ಷಿಸಿ

ನಿಮ್ಮ ಲಿನಕ್ಸ್ ವ್ಯವಸ್ಥೆ ಉಬುಂಟು ಪದೇ ಪದೇ ಕರ್ನೆಲ್ ಪ್ಯಾನಿಕ್ ಆಗುತ್ತಿದೆ (ವ್ಯವಸ್ಥೆಯ ತಿರುಳಾದ ಕರ್ನೆಲ್ ಚೇತರಿಸಿಕೊಳ್ಳಲಾಗದ ದೋಷಕ್ಕೆ ಸಿಕ್ಕಿ ಯಂತ್ರವೇ ನಿಂತುಬಿಡುತ್ತಿದೆ), ಪ್ರತಿ ಸಲವೂ ಬೇರೆ ಬೇರೆ ಸಂದೇಶ ಬರುತ್ತದೆ, ಬ್ಯಾಕಪ್ ತೆಗೆದುಕೊಂಡು ಇನ್ನೊಂದು ಲಿನಕ್ಸ್ ಆದ ಫೆಡೋರಾಕ್ಕೆ ಹೋಗಲೇ ಅಥವಾ ವಿಂಡೋಸ್‌ಗೆ ಮರಳಲೇ ಎಂದು ಕೇಳಿದ್ದೀರಿ. ಎರಡೂ ಬೇಡ. ಸದ್ಯಕ್ಕೆ ಆ ಬ್ಯಾಕಪ್ ಕೂಡ ಬೇಡ.

ನನ್ನದೂ ಬಿಡಿ ಭಾಗ ಕೊಂಡು ಜೋಡಿಸಿದ ಡೆಸ್ಕ್‌ಟಾಪ್. 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್‌ಗಳಿದ್ದವು. ಒಂದು ಸಲ ಪ್ಯಾನಿಕ್ ಸಂದೇಶದಲ್ಲಿ ಫೈಲ್ ಸಿಸ್ಟಮ್‌ನ (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆಯ) ಹೆಸರು, ಇನ್ನೊಂದು ಸಲ ವೈಫೈ ಡ್ರೈವರ್‌ನದು, ಮತ್ತೊಮ್ಮೆ ಕರ್ನೆಲ್ ನೆಟ್ಟಗಿದ್ದು ಬ್ರೌಸರ್ ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಕರೆಂಟ್ ಏರುಪೇರಿರಬೇಕು ಎಂದರು ಮನೆಯಲ್ಲಿ. ಅಂಗಡಿಯವರು ರ‍್ಯಾಮ್ ಬಿಚ್ಚಿ, ಅದರ ಹೊಂಬಣ್ಣದ ಅಂಚನ್ನು ರಬ್ಬರ್‌ನಿಂದ ಉಜ್ಜಿ ಮತ್ತೆ ಕೂರಿಸಿಕೊಟ್ಟರು. ಕೆಲವು ದಿನ ಎಲ್ಲ ಸರಿಯಿತ್ತು. ನನ್ನ ದಾರಿ ತಪ್ಪಿಸಿದ್ದು ಆ ಕೆಲವು ದಿನಗಳೇ. ಪ್ಯಾನಿಕ್ ಮರಳಿದಾಗ, ರ‍್ಯಾಮ್ ಅಂತೂ ನೋಡಿ ಆಯಿತು, ಇನ್ನು ತಪ್ಪು ಉಬುಂಟುವಿನದೇ ಎಂದು ತೀರ್ಮಾನಿಸಿಬಿಟ್ಟೆ.

ಹೊಸದಾಗಿ ಇನ್‌ಸ್ಟಾಲ್ ಮಾಡಲು ಹೊರಟವನು ಮನೆಯ ಫೋಟೋಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿದೆ. ಜಾಗ ಸಾಲದೆಂದು ಅದರಲ್ಲಿದ್ದ ಹಳೆಯ ಬ್ಯಾಕಪ್ ಅಳಿಸಿದೆ. ನಕಲು ಒಂದೂ ದೋಷ ತೋರಿಸದೆ ಮುಗಿಯಿತು. ಕಂಪ್ಯೂಟರಿನ ಡಿಸ್ಕ್ ಫಾರ್ಮ್ಯಾಟ್ ಮಾಡಿದೆ.

ನನಗೆ ದುಬಾರಿಯಾದ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಏಕೆಂದರೆ ನೀವೂ ಅದೇ ಹೆಜ್ಜೆ ಇಡಲು ಹೊರಟಿದ್ದೀರಿ. ಡಿಸ್ಕಿನಿಂದ ಡಿಸ್ಕಿಗೆ ನಕಲಿಸುವಾಗ ಕಡತ ನೇರವಾಗಿ ಹೋಗುವುದಿಲ್ಲ. ಅದು ಮೊದಲು ರ‍್ಯಾಮ್‌ಗೆ ಬರುತ್ತದೆ, ಅಲ್ಲಿಂದ ಎರಡನೆಯ ಡಿಸ್ಕಿಗೆ ಬರೆಯಲ್ಪಡುತ್ತದೆ. ಕೆಟ್ಟ ರ‍್ಯಾಮ್‌ನಲ್ಲಿ ಇರುವಷ್ಟು ಹೊತ್ತಿನಲ್ಲಿ ಒಂದು ಬಿಟ್ ಸೊನ್ನೆಯಿಂದ ಒಂದಾದರೆ, ಡಿಸ್ಕ್ ಆ ತಪ್ಪನ್ನೇ ಪ್ರಾಮಾಣಿಕವಾಗಿ ಬರೆದುಕೊಳ್ಳುತ್ತದೆ. ದೋಷ ಸಂದೇಶ ಬರುವುದಿಲ್ಲ, ಏಕೆಂದರೆ ಡಿಸ್ಕಿನ ಮಟ್ಟಿಗೆ ದೋಷವೇ ನಡೆದಿಲ್ಲ. ಆ ಬಿಟ್ ಕರ್ನೆಲ್‌ನ ಜಾಗದಲ್ಲಿ ಬಿದ್ದರೆ ಪ್ಯಾನಿಕ್ ಆಗಿ ನಿಮಗೆ ಗೊತ್ತಾಗುತ್ತದೆ. ಫೋಟೋದಲ್ಲಿ ಬಿದ್ದರೆ ಸದ್ದೇ ಇರುವುದಿಲ್ಲ. ಉಬುಂಟುವಿನ ಸಾಮಾನ್ಯ ಫೈಲ್ ಸಿಸ್ಟಮ್ ಆದ ಇಎಕ್ಸ್‌ಟಿ4 ತನ್ನ ಮೆಟಾಡೇಟಾಕ್ಕೆ (ಕಡತಗಳ ಹೆಸರು, ಜಾಗದಂಥ ವಿವರಗಳಿಗೆ) ಚೆಕ್‌ಸಮ್, ಅಂದರೆ ಮಾಹಿತಿ ಬದಲಾದರೆ ತೋರಿಸಿಕೊಡುವ ಲೆಕ್ಕ, ಇಟ್ಟುಕೊಳ್ಳುತ್ತದೆಯೇ ಹೊರತು ಕಡತದ ಒಳಗಿನ ಮಾಹಿತಿಗೆ ಇಟ್ಟುಕೊಳ್ಳುವುದಿಲ್ಲ. ಹೀಗಾಗಿ ತಂದೆಯ ಅರವತ್ತರ ಶಾಂತಿಯ ಫೋಟೋಗಳಲ್ಲಿ ಹಲವು ಈಗ ಮೇಲರ್ಧ ಮಾತ್ರ ಕಾಣುತ್ತವೆ, ಕೆಳಗೆಲ್ಲ ಬೂದು ಬಣ್ಣ. ಜೆಪೆಗ್‌ನಲ್ಲಿ ಒಂದು ಬಿಟ್ ಕೆಟ್ಟರೂ ಅದರ ಮುಂದಿನ ಭಾಗವೆಲ್ಲ ಹಾಳಾಗಬಹುದು. ಮೂಲವನ್ನೂ ಹಳೆಯ ಬ್ಯಾಕಪ್ಪನ್ನೂ ನಾನೇ ಅಳಿಸಿಯಾಗಿತ್ತು.

ಹೊಸ ಇನ್‌ಸ್ಟಾಲ್ ಕೂಡ ಪ್ಯಾನಿಕ್ ಆದ ಮೇಲಷ್ಟೇ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86+ ಓಡಿಸಿದೆ. ಸ್ವಲ್ಪ ಹೊತ್ತಿನಲ್ಲೇ ಪರದೆ ದೋಷ ತೋರಿಸುವ ಕೆಂಪು ಸಾಲುಗಳಿಂದ ತುಂಬಿತು.

ಇದು ಅನುಭವಿಗಳನ್ನೂ ಏಮಾರಿಸುತ್ತದೆ. 2022ರ ಅಕ್ಟೋಬರ್‌ನಲ್ಲಿ ಲಿನಕ್ಸ್ ಕರ್ನೆಲ್‌ನ 6.1 ಆವೃತ್ತಿಯ ಕೆಲಸದ ನಡುವೆ ಸ್ವತಃ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಅವರ ಯಂತ್ರದ ರ‍್ಯಾಮ್ ಕೆಟ್ಟು, ಅವರು ಲ್ಯಾಪ್‌ಟಾಪಿನಲ್ಲಿ ಕೆಲಸ ಮುಂದುವರಿಸಬೇಕಾಯಿತು. ದೋಷವನ್ನು ತಾನೇ ಪತ್ತೆಹಚ್ಚಿ ತಿದ್ದುವ ಇಸಿಸಿ ರ‍್ಯಾಮ್ ಮನೆಬಳಕೆಯ ಯಂತ್ರಗಳಿಗೂ ಬೇಕೆಂದು ಅವರು ಅದಕ್ಕೂ ಮೊದಲೇ ವಾದಿಸಿದ್ದರು. ಅವರ ಮಾತು ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಎಲ್ಲ ಪ್ಯಾನಿಕ್‌ಗೂ ರ‍್ಯಾಮ್ ಕಾರಣವಲ್ಲ. ಅಪ್‌ಡೇಟ್ ಆದ ತಕ್ಷಣ ರೂಟ್ ಫೈಲ್ ಸಿಸ್ಟಮ್ (ಇಡೀ ವ್ಯವಸ್ಥೆ ಇರುವ ಮುಖ್ಯ ವಿಭಾಗ) ಮೌಂಟ್ ಆಗಲಿಲ್ಲವೆಂಬ, ಅಂದರೆ ತೆರೆದುಕೊಳ್ಳಲಿಲ್ಲವೆಂಬ, ಸಂದೇಶದೊಂದಿಗೆ ನಿಂತರೆ, ಡಿಸ್ಕಿನ ಬೂಟ್ ವಿಭಾಗ ತುಂಬಿ ಇನಿಟ್‌ರಾಮ್‌ಎಫ್‌ಎಸ್ (ಯಂತ್ರ ಶುರುವಾಗುವಾಗ ಕರ್ನೆಲ್‌ಗೆ ಬೇಕಾದ ಕಡತಗಳ ಕಟ್ಟು) ಸರಿಯಾಗಿ ತಯಾರಾಗದಿರುವ ಸಾಧ್ಯತೆ ಹೆಚ್ಚು. ಯಂತ್ರ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನೆಲ್ ಆರಿಸಿದರೆ ಯಂತ್ರ ಎದ್ದು ಕೂರುತ್ತದೆ. ಪ್ರತಿ ಸಲವೂ ಒಂದೇ ಡ್ರೈವರ್‌ನ ಹೆಸರು ಬಂದರೆ ಆ ಡ್ರೈವರ್ ಮೇಲೆಯೇ ಅನುಮಾನಪಡಿ. ಆದರೆ ನಿಮ್ಮಂತೆ ಸಲಕ್ಕೊಂದು ಹೆಸರು ಬಂದರೆ ಸಾಫ್ಟ್‌ವೇರ್ ಬದಲಿಸುವುದು ವ್ಯರ್ಥ. ಫೆಡೋರಾ, ವಿಂಡೋಸ್ ಎರಡೂ ಅದೇ ರ‍್ಯಾಮ್ ಮೇಲೆಯೇ ಓಡಬೇಕು. ವಿಂಡೋಸ್‌ನಲ್ಲಿ ಪ್ಯಾನಿಕ್ ಬದಲು ನೀಲಿ ಪರದೆ ಬರುತ್ತದೆ, ಅಷ್ಟೇ.

ಮೊದಲು ಬಯಾಸ್‌ಗೆ (ಯಂತ್ರ ಶುರುವಾಗುವಾಗ ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗ್‌ಗಳಿಗೆ) ಹೋಗಿ ಎಕ್ಸ್‌ಎಂಪಿ, ಅಂದರೆ ರ‍್ಯಾಮ್ ಅನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಆಯ್ಕೆ, ಆಫ್ ಮಾಡಿ. 3200 ಎಂದು ಮಾರುವ ಹಲವು ಡಿಡಿಆರ್4 ರ‍್ಯಾಮ್‌ಗಳು ಆ ವೇಗ ಮುಟ್ಟುವುದು ಎಕ್ಸ್‌ಎಂಪಿ ಹಾಕಿದಾಗ ಮಾತ್ರ. ಇಲ್ಲದಿದ್ದರೆ 2133 ಅಥವಾ 2400ರಲ್ಲಿ ಓಡುತ್ತವೆ. ಆ ವ್ಯತ್ಯಾಸ ಮನೆಯ ಕೆಲಸಗಳಲ್ಲಿ ಗೊತ್ತೇ ಆಗುವುದಿಲ್ಲ, ಅದಕ್ಕಾಗಿ ಸ್ಥಿರತೆ ಕಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ನಂತರ ಬೇರೆ ಕಂಪ್ಯೂಟರಿನಲ್ಲಿ ಮೆಮ್‌ಟೆಸ್ಟ್86+ ಪೆನ್‌ಡ್ರೈವ್ ಮಾಡಿಕೊಂಡು ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ದೋಷ ಬಂದರೂ ಫೇಲ್ ಎಂದೇ ಲೆಕ್ಕ. ಆಗ ರ‍್ಯಾಮ್‌ಗಳನ್ನು ಒಂದೊಂದಾಗಿ, ಒಂದೇ ಸ್ಲಾಟಿನಲ್ಲಿ ಹಾಕಿ ಪರೀಕ್ಷಿಸಿ. ಎರಡೂ ಅಲ್ಲಿ ದೋಷ ತೋರಿಸಿದರೆ ಸ್ಲಾಟ್ ಬದಲಿಸಿ ನೋಡಿ. ರಬ್ಬರ್ ಉಜ್ಜಿಸಿದರೂ ಉಜ್ಜಿದ ಮೇಲೆ ಇದೇ ಪರೀಕ್ಷೆ ಮಾಡದೆ ನಂಬಬೇಡಿ. ರ‍್ಯಾಮ್‌ಗೆ ಸಾಮಾನ್ಯವಾಗಿ ದೀರ್ಘ ವಾರಂಟಿ ಇರುತ್ತದೆ, ಬಿಲ್ ಹುಡುಕಿಡಿ.

ಫೋಟೋ ಬೇಕೇ ಬೇಕಾದರೆ ಡಿಸ್ಕ್ ಬಿಚ್ಚಿ ಇನ್ನೊಂದು ಒಳ್ಳೆಯ ಯಂತ್ರಕ್ಕೆ ಜೋಡಿಸಿ ನಕಲು ಮಾಡಿ, ಎರಡೂ ಕಡೆಯ ಕಡತಗಳ ಎಸ್‌ಎಚ್‌ಎ256 ಮೊತ್ತ (ಒಂದು ಬಗೆಯ ಚೆಕ್‌ಸಮ್) ಹೋಲಿಸಿ, ಹಳೆಯ ಬ್ಯಾಕಪ್ಪನ್ನು ಮುಟ್ಟಬೇಡಿ. ಮೆಮ್‌ಟೆಸ್ಟ್ ಸ್ವಚ್ಛವಾಗಿ ಬಂದರೆ ಪ್ಯಾನಿಕ್ ಪರದೆಯ ಫೋಟೋ ಹಾಕಿ, ಮುಂದಿನದನ್ನು ಸೇರಿ ನೋಡೋಣ.