ತಿಂಗಳಿಗೆ 42 ಸಾವಿರ, ಕೆಲಸ ಪೀಣ್ಯದಲ್ಲಿ: ಮನೆ ಮಾಡುವುದೆಲ್ಲಿ?

ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ, ಕೈಗೆ ಬರುವುದು 42 ಸಾವಿರ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಕೂಡಿಟ್ಟಿರುವುದು 6 ಲಕ್ಷ. ಬೆಂಗಳೂರಿನ ಬಾಡಿಗೆ ಕಟ್ಟಿ ಪೂರೈಸುವುದಿಲ್ಲವಾದ್ದರಿಂದ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರಗಳ ಪೈಕಿ ಎಲ್ಲಿ ಮನೆ ಮಾಡಬೇಕು, ಬಾಡಿಗೆಗೋ ಸ್ವಂತಕ್ಕೋ ಎಂದು ಕೇಳಿದ್ದೀರಿ. ನಾನು ಕೋಲಾರದಲ್ಲಿ ನಾಲ್ಕು ವರ್ಷ ಬಾಡಿಗೆಗಿದ್ದು, ಈಗ ಒಂಬತ್ತು ವರ್ಷಗಳಿಂದ ತುಮಕೂರಿನ ಕ್ಯಾತ್ಸಂದ್ರದಲ್ಲಿದ್ದೇನೆ. ನಿಮ್ಮ ಲೆಕ್ಕಕ್ಕೆ ತುಮಕೂರೇ ಸರಿ, ಅದೂ ಸದ್ಯಕ್ಕೆ ಬಾಡಿಗೆಗೆ ಎಂಬುದು ನನ್ನ ಅಭಿಪ್ರಾಯ.

ಮನೆಯ ಖರ್ಚೆಂದರೆ ಬಾಡಿಗೆಯಷ್ಟೇ ಅಲ್ಲ ಎಂಬುದು ನನಗೆ ತಿಳಿದದ್ದು ಕೋಲಾರದಲ್ಲಿ. ಬೆಂಗಳೂರಿನಲ್ಲಿ ಕೊಡುತ್ತಿದ್ದುದರ ಅರ್ಧ ಬಾಡಿಗೆಗೆ ಗಾಳಿ ಬೆಳಕು ಚೆನ್ನಾಗಿದ್ದ ಮನೆ ಸಿಕ್ಕಿತೆಂದು ಹಿಗ್ಗಿದ್ದೆವು. ಆದರೆ ನಲ್ಲಿಯಲ್ಲಿ ನೀರು ಬರುತ್ತಿದ್ದುದು ಎಂಟು ದಿನಕ್ಕೊಮ್ಮೆ, ಅದೂ ಹೊತ್ತುಗೊತ್ತಿಲ್ಲದೆ. ನಡುರಾತ್ರಿ ಪೈಪಿನಲ್ಲಿ ಗಾಳಿ ಸುಯ್ಯೆಂದ ಕೂಡಲೇ ನನ್ನ ಹೆಂಡತಿ ಎದ್ದು ಸಂಪಿನ ಮುಚ್ಚಳ ತೆಗೆಯುತ್ತಿದ್ದಳು. ಸಂಪು ಚಿಕ್ಕದಾದ್ದರಿಂದ ಮಾರ್ಚಿಯಿಂದಾಚೆಗೆ ಟ್ಯಾಂಕರ್ ತರಿಸದೆ ಗತಿಯಿರಲಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಆ ಜಿಲ್ಲೆಯಲ್ಲಿ ಕೊಳವೆಬಾವಿಗಳು ಎಷ್ಟೋ ಕಡೆ ಸಾವಿರ ಅಡಿ ದಾಟಿವೆ. ಫ್ಲೋರೈಡ್ ಅಂಶವೂ ಇರುವುದರಿಂದ ಕುಡಿಯುವ ನೀರನ್ನು ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ಹೊತ್ತು ತರಬೇಕಿತ್ತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ ನಿಜ, ಆದರೆ ಅದು ಅಂತರ್ಜಲ ಹೆಚ್ಚಿಸಲು ಬಿಡುವ ನೀರೇ ಹೊರತು ಮನೆಯ ನಲ್ಲಿಗೆ ಬರುವ ನೀರಲ್ಲ. ಟ್ಯಾಂಕರ್, ಕ್ಯಾನು ಎರಡನ್ನೂ ಬಾಡಿಗೆಗೆ ಕೂಡಿಸಿದ ಬೇಸಿಗೆಗಳಲ್ಲಿ ನಮಗೆ ಉಳಿದದ್ದು ಹೆಚ್ಚೇನಿಲ್ಲ.

ಅದಿರಲಿ, ಪೀಣ್ಯದಿಂದ ನೋಡಿದರೆ ಕೋಲಾರ ಇರುವುದು ಬೆಂಗಳೂರಿನ ಆಚೆ ತುದಿಯ ಕಡೆ. ನಿಮ್ಮ ಕೆಲಸ ವೈಟ್‌ಫೀಲ್ಡ್ ಅಥವಾ ಕೆ.ಆರ್. ಪುರದ ಕಡೆ ಇದ್ದಿದ್ದರೆ ಬಂಗಾರಪೇಟೆಯನ್ನೋ ಕೆ.ಜಿ.ಎಫ್. ಅನ್ನೋ ನೋಡಿ ಎನ್ನುತ್ತಿದ್ದೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಜನ ಮಾರಿಕುಪ್ಪಂನಿಂದ ಹೊರಡುವ ಮುಂಜಾನೆಯ ರೈಲುಗಳನ್ನೇ ನಂಬಿ ಬೆಂಗಳೂರಿನಲ್ಲಿ ದುಡಿಯುತ್ತಿದ್ದಾರೆ. ಚಿಕ್ಕಬಳ್ಳಾಪುರಕ್ಕೆ ರೈಲುಗಳು ಕಡಿಮೆ, ಬಸ್ಸೇ ಗತಿ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆದಾಗಿನಿಂದ ಆ ಹೆದ್ದಾರಿಯ ಅಕ್ಕಪಕ್ಕದ ನೆಲದ ಬೆಲೆಯೂ ಸಂಬಳದಾರರ ಕೈಗೆಟುಕುವಂತಿಲ್ಲ.

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್, ಪೀಣ್ಯ ಅದಕ್ಕಿಂತ ಈಚೆಗೇ ಸಿಗುತ್ತದೆ. ರೈಲಿನ ತಿಂಗಳ ಪಾಸಿಗೆ ತಗಲುವ ಹಣ ಬಸ್ಸಿನಲ್ಲಿ ಒಂದು ವಾರ ಓಡಾಡುವ ಖರ್ಚಿಗಿಂತ ಕಡಿಮೆ; ಯಶವಂತಪುರದಲ್ಲಿ ಇಳಿದರೆ ಅಲ್ಲಿಂದ ಮೆಟ್ರೊ ಇದೆ. ಬಸ್ಸಾದರೆ ಹೆದ್ದಾರಿಯಲ್ಲಿ ನೇರವಾಗಿ ಪೀಣ್ಯದ ಮೇಲೆಯೇ ಹೋಗುತ್ತದೆ. 2024ರ ನವೆಂಬರಿನಿಂದ ಮೆಟ್ರೊ ಮಾದಾವರದವರೆಗೆ ಬಂದಿರುವುದರಿಂದ ದಟ್ಟಣೆಯಿದ್ದ ದಿನ ಅಲ್ಲೇ ಇಳಿದುಬಿಡಬಹುದು. ಹಣದಲ್ಲಿ ಉಳಿಸಿದ್ದನ್ನು ಹೊತ್ತಿನಲ್ಲಿ ತೆರಬೇಕಾಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ: ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಮಕ್ಕಳ ಮುಖ ಕಾಣುವುದು ರಾತ್ರಿ ಎಂಟಕ್ಕೆ. ಎರಡನೆಯ ಪಾಳಿ ಇದ್ದರೆ ವಾಪಸಾಗಲು ಯಾವ ಗಾಡಿ ಸಿಗುತ್ತದೆಂದು ಮೊದಲೇ ವಿಚಾರಿಸಿಕೊಳ್ಳಿ. ನೀರಿನ ಮಟ್ಟಿಗೆ ಊರಿಗೆ ನೀರು ಕೊಡುವ ಬುಗುಡನಹಳ್ಳಿ ಕೆರೆಗೆ ಹೇಮಾವತಿ ನದಿಯ ನೀರು ಬರುವುದರಿಂದ ನಗರದೊಳಗೆ ಪರವಾಗಿಲ್ಲ. ಹೊಸ ಬಡಾವಣೆಗಳಲ್ಲಿ ಮಾತ್ರ, ಅಡ್ವಾನ್ಸ್ ಕೊಡುವ ಮುನ್ನ, ಮನೆಯ ಮಾಲೀಕರನ್ನು ಬಿಟ್ಟು ಪಕ್ಕದ ಮನೆಯ ಬಾಡಿಗೆದಾರರನ್ನು ಕೇಳಿ.

ಇನ್ನು ಸ್ವಂತ ಮನೆ. 30 ಲಕ್ಷದ ಮನೆ ಎಂದಿಟ್ಟುಕೊಳ್ಳೋಣ. 30 ಲಕ್ಷದವರೆಗಿನ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೆಚ್ಚೆಂದರೆ ಮನೆಯ ಬೆಲೆಯ ಶೇಕಡಾ 90ರಷ್ಟು ಸಿಗುತ್ತದೆ. ಉಳಿದ 3 ಲಕ್ಷ ನಿಮ್ಮದೇ. ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜು, 2025ರ ಆಗಸ್ಟ್ ಕೊನೆಯಿಂದ ಶೇಕಡಾ 2ಕ್ಕೆ ಏರಿರುವ ನೋಂದಣಿ ಶುಲ್ಕ, ಎಲ್ಲ ಸೇರಿ ನಗರದಲ್ಲಿ ಶೇಕಡಾ 7.6, ಅಂದರೆ 2 ಲಕ್ಷ 28 ಸಾವಿರ. ಇದನ್ನು ಬ್ಯಾಂಕು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ 6 ಲಕ್ಷದಲ್ಲಿ ಉಳಿಯುವುದು 72 ಸಾವಿರ. 27 ಲಕ್ಷ ಸಾಲಕ್ಕೆ ಶೇಕಡಾ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಕಂತು ಸುಮಾರು 23,400 ರೂಪಾಯಿ. ಮಿಕ್ಕ 18 ಸಾವಿರ ಚಿಲ್ಲರೆಯಲ್ಲಿ ಎರಡು ಮಕ್ಕಳ ಶಾಲೆಯ ಶುಲ್ಕ, ದಿನಸಿ, ಓಡಾಟ ನಡೆಯಬೇಕು. ಒಂದು ಜ್ವರ ಬಂದರೂ ಕೈಸಾಲವೇ. ಕಡಿಮೆ ಬೆಲೆಗೆಂದು ಊರಾಚೆಯ ರೆವಿನ್ಯೂ ಸೈಟು ತೋರಿಸುವವರು ಬರುತ್ತಾರೆ. ಕೃಷಿಯಿಂದ ವಸತಿಗೆ ಭೂ ಪರಿವರ್ತನೆಯಾಗದ ಅಂಥ ಸೈಟಿಗೆ ಬಹುಪಾಲು ಬ್ಯಾಂಕುಗಳು ಸಾಲ ಕೊಡುವುದಿಲ್ಲ.

ನಮ್ಮ ಕಡೆ 6 ಲಕ್ಷ ಕೈಯಲ್ಲಿದೆ ಎಂದ ಕೂಡಲೇ ಭೋಗ್ಯಕ್ಕೆ, ಅಂದರೆ ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು ಮನೆ ಬಿಡುವಾಗ ವಾಪಸ್ ಪಡೆಯುವ ಕರಾರಿಗೆ, ಹೋಗಿ ಎನ್ನುವವರೇ ಹೆಚ್ಚು. ತಿಂಗಳ ಬಾಡಿಗೆ ತಪ್ಪುವುದರಿಂದ ನಿಮ್ಮಂಥ ಸಂಬಳಕ್ಕೆ ಅದು ಹಿತವೇ, ಆದರೆ ನನ್ನ ಷಡ್ಡಕರು ಮೂರು ವರ್ಷದ ಭೋಗ್ಯ ಮುಗಿದ ಮೇಲೆ ಹಣ ವಾಪಸ್ ಪಡೆಯಲು ಮತ್ತೆ ಹದಿನಾಲ್ಕು ತಿಂಗಳು ಅದೇ ಮನೆಯಲ್ಲಿ ಕಾಯ್ದರು. ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲವಿದ್ದದ್ದು ಅವರಿಗೆ ಗೊತ್ತೇ ಇರಲಿಲ್ಲ. ಆಸ್ತಿಯ ಮೇಲಿನ ಋಣ ತೋರಿಸುವ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಿ, ಅಷ್ಟಕ್ಕೇ ಸುಮ್ಮನಾಗದೆ ಮೂಲ ಕ್ರಯಪತ್ರವನ್ನು ಕಣ್ಣಾರೆ ತೋರಿಸಲು ಹೇಳಿ. ಜೆರಾಕ್ಸ್ ಮಾತ್ರ ಮುಂದಿಟ್ಟರೆ ಮೂಲಪತ್ರ ಯಾವುದೋ ಬ್ಯಾಂಕಿನಲ್ಲಿದೆ ಎಂದೇ ತಿಳಿಯಿರಿ. ಎಲ್ಲ ಸರಿಯಿದ್ದರೂ ಕರಾರನ್ನು ಬರೀ ಛಾಪಾ ಕಾಗದದಲ್ಲಿ ಬರೆಸಿ ಸುಮ್ಮನಾಗಬೇಡಿ. ಒಂದು ವರ್ಷ ಮೀರಿದ ಗುತ್ತಿಗೆಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಕಡ್ಡಾಯ, ಮಾಲೀಕರು ಅದಕ್ಕೆ ಒಪ್ಪದಿದ್ದರೆ ಆ ಮನೆಯನ್ನು ಬಿಟ್ಟುಬಿಡಿ.