ಎರಡು ಸೆಕೆಂಡಿನ ಬೆಂಕಿ ಮತ್ತು ಉಳಿದ ರಾಕೆಟ್ಟು

ಓದುಗರ ಪತ್ರ (ಸಂಕ್ಷಿಪ್ತವಾಗಿ): "ನನಗೆ 38 ವರ್ಷ. ರಾಣೆಬೆನ್ನೂರಿನ ಒಂದು ಸೊಸೈಟಿಯಲ್ಲಿ ಕ್ಯಾಷಿಯರ್. ಬಾಡಿಗೆ ಮನೆ, ಮೇಲಿನ ಮಹಡಿಯಲ್ಲಿ ಓನರ್. ತಾಯಿಗೆ ಬಿ.ಪಿ., ಮಗಳು ಆರನೇ ಕ್ಲಾಸು. ಎರಡು ವರ್ಷದಿಂದ ಮಾಡೆಲ್ ರಾಕೆಟ್ಟಿನ ಹುಚ್ಚು ಹತ್ತಿದೆ. ಅಮೆರಿಕದಲ್ಲಿ ಅಂಗಡಿಯಲ್ಲೇ ಸಿಗುವ ರಾಕೆಟ್ ಮೋಟಾರು ನನಗೆ ಇಲ್ಲಿ ಸಿಕ್ಕಿಲ್ಲ. ತರಿಸೋಣ ಅಂದರೆ ಕೊರಿಯರ್‌ನವರು ಮುಟ್ಟುವುದಿಲ್ಲ. ಮೈದಾನ ಇಲ್ಲ, ದುಡ್ಡು ಇಲ್ಲ, ಭಾನುವಾರ ಬೆಳಿಗ್ಗೆ ಎರಡು ತಾಸು ಬಿಟ್ಟರೆ ಟೈಮೂ ಇಲ್ಲ. ದೀಪಾವಳಿ ರಾಕೆಟ್ ಬಿಚ್ಚಿ, ಆ ಪುಡಿಯಲ್ಲಿ ನಾನೇ ಮೋಟಾರು ಮಾಡಿಕೊಳ್ಳಲಾ? ಅಥವಾ ಇದನ್ನೆಲ್ಲ ಬಿಟ್ಟು ಸುಮ್ಮನಿರಲಾ?"

ನಮಸ್ಕಾರ ಸರ್,

ಮೊದಲು ಪುಡಿಯ ವಿಷಯ ಮುಗಿಸಿಬಿಡೋಣ. ಬೇಡ. ಒಂದೂ ಬೇಡ, ಅರ್ಧವೂ ಬೇಡ. ಲೈಸೆನ್ಸ್ ಇಲ್ಲದೆ ಸ್ಫೋಟಕ ತಯಾರಿಸುವುದು 1884ರ ಸ್ಫೋಟಕ ಕಾಯ್ದೆಯ ಪ್ರಕಾರ ಅಪರಾಧ. ಆದರೆ ನಾನು ಬೇಡ ಅನ್ನುವುದು ಕಾನೂನಿಗೆ ಹೆದರಿ ಅಲ್ಲ. ನನ್ನ ಸೋದರಮಾವನ ಮಗ ಹತ್ತನೇ ಕ್ಲಾಸಿನಲ್ಲಿದ್ದಾಗ ಐದಾರು ರಾಕೆಟ್ ಬಿಚ್ಚಿ, ಪುಡಿಯನ್ನು ಸ್ಟೀಲ್ ಲೋಟಕ್ಕೆ ಹಾಕಿ ಕುಟ್ಟಿದ್ದ. ಈಗಲೂ ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ಹೊಸಬರು ಅವನ ಬಲಗೈ ನೋಡಿ ಏನಾಯ್ತು ಅಂತ ಕೇಳುತ್ತಾರೆ. "ಹಬ್ಬದ ನೆನಪು" ಅಂತ ಹೇಳಿ ಅವನು ಅನ್ನ ಕಲಸುತ್ತಾನೆ. ಎಡಗೈಯಲ್ಲಿ.

ತಮಾಷೆ ಏನು ಗೊತ್ತಾ? ನೀವು ಹಿಡಿದಿರುವ ಈ ಹವ್ಯಾಸ ಬೆಳೆದದ್ದೇ ಜನ ಪುಡಿ ಮುಟ್ಟದಿರಲಿ ಅಂತ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ನಾರ್ಫೋಕ್ ಎಂಬ ಊರಿನಲ್ಲಿ ಆರ್ವಿಲ್ ಕಾರ್ಲೈಲ್ ಅಂತ ಒಬ್ಬರಿದ್ದರು. ಶೂ ಅಂಗಡಿ ಇಟ್ಟುಕೊಂಡಿದ್ದರು. ಜೊತೆಗೆ ಪಟಾಕಿ ಕೆಲಸ ಬಲ್ಲವರು, ಅದಕ್ಕೆ ಲೈಸೆನ್ಸೂ ಇತ್ತು. ಅವರ ಸೋದರ ರಾಬರ್ಟ್‌ಗೆ ಮಾಡೆಲ್ ವಿಮಾನದ ಗೀಳು. ರಾಕೆಟ್ ಬಗ್ಗೆ ಭಾಷಣ ಮಾಡುವಾಗ ತೋರಿಸಲು ರಾಬರ್ಟ್‌ಗೆ ಒಂದು ಮಾದರಿ ಬೇಕಿತ್ತು. 1954ರಲ್ಲಿ ಇಬ್ಬರೂ ಸೇರಿ ಕಾಗದದ ಕೊಳವೆಯ ಒಂದು ಪುಟ್ಟ ರಾಕೆಟ್ ಮಾಡಿದರು. ಮೋಟಾರು ಸುಟ್ಟುಹೋದರೆ ಅದನ್ನು ಬಿಸಾಕಿ ಹೊಸದು ತುರುಕಬಹುದು. ರಾಕೆಟ್ ಮಾತ್ರ ಪ್ಯಾರಾಚೂಟಿನಲ್ಲಿ ಇಳಿದು ಕೈಗೆ ಸಿಗಬೇಕು.

ಆ ಕಾಲದಲ್ಲಿ ಅಲ್ಲಿನ ಹುಡುಗರು ಪೈಪಿಗೆ ಕಂಡಕಂಡ ಪುಡಿ ತುಂಬಿ ಕೈ ಕಾಲು ಕಳೆದುಕೊಳ್ಳುತ್ತಿದ್ದರು. ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ರಾಕೆಟ್ ನೆಲೆಯಲ್ಲಿದ್ದ ಜಿ. ಹ್ಯಾರಿ ಸ್ಟೈನ್ ಈ ಅಪಾಯದ ಬಗ್ಗೆ ಪತ್ರಿಕೆಯಲ್ಲಿ ಬರೆದರು. ಅದನ್ನು ಓದಿದ ಕಾರ್ಲೈಲ್ 1957ರಲ್ಲಿ ಅವರಿಗೆ ಕಾಗದ ಬರೆದು, ತಮ್ಮ ರಾಕೆಟ್ಟನ್ನೂ ಕಳಿಸಿದರು. ಓದುಗರ ಪತ್ರಕ್ಕೆ ಇಷ್ಟು ಬೆಲೆ ಸಿಕ್ಕ ಕತೆ ಹೇಳುವಾಗ ನನಗೆ ಸ್ವಲ್ಪ ಹೆಮ್ಮೆ. ಸ್ಟೈನ್ ಆ ವರ್ಷವೇ ಕಂಪನಿ ಶುರುಮಾಡಿದರು. ಮುಂದೆ ವರ್ನ್ ಎಸ್ಟೆಸ್ ಎಂಬವರು ಸುಮಾರು ಐದೂವರೆ ಸೆಕೆಂಡಿಗೆ ಒಂದು ಮೋಟಾರು ಮಾಡುವ ಯಂತ್ರ ಕಟ್ಟಿದರು. ಪುಡಿಯ ಕೆಲಸ ಫ್ಯಾಕ್ಟರಿಗೆ ಹೋಯ್ತು, ಮನೆಯವರಿಗೆ ಕತ್ತರಿ, ಗೋಂದು, ಕಾಗದ ಉಳಿಯಿತು. ಆ ಫ್ಯಾಕ್ಟರಿ ಮೋಟಾರು ನಮಗೆ ಸಿಗುತ್ತಿಲ್ಲ ಅಂತ ನಾವು ವಾಪಸ್ ಪೈಪು, ಪುಡಿಗೆ ಹೋದರೆ ಕಾರ್ಲೈಲ್‌ಗಿಂತ ಹಿಂದಕ್ಕೆ ಹೋದಂತೆ, ಅಲ್ವಾ?

ಈಗ ಆ ಮೋಟಾರನ್ನೇ ಸ್ವಲ್ಪ ನೋಡಿ. ಅದರ ಮೇಲೆ, ಉದಾಹರಣೆಗೆ, 'ಸಿ6-5' ಅಂತ ಬರೆದಿರುತ್ತದೆ. 'ಸಿ' ಅಂದರೆ ಒಟ್ಟು ಎಷ್ಟು ನೂಕುತ್ತದೆ ಅನ್ನುವ ಲೆಕ್ಕ. ಎ, ಬಿ, ಸಿ ಅಂತ ಒಂದೊಂದು ಅಕ್ಷರಕ್ಕೂ ಅದು ಇಮ್ಮಡಿಯಾಗುತ್ತದೆ. 6 ಅಂದರೆ ಸರಾಸರಿ 6 ನ್ಯೂಟನ್, ಸುಮಾರು 600 ಗ್ರಾಂ ತೂಕ ಎತ್ತಿ ಹಿಡಿಯುವಷ್ಟು ಬಲ. ಕೊನೆಯ 5 ಅಂದರೆ ಉರಿದು ಮುಗಿದ ಮೇಲೆ ಐದು ಸೆಕೆಂಡು ಸುಮ್ಮನೆ ತೇಲಲು ಬಿಟ್ಟು, ಆಮೇಲೆ ಪ್ಯಾರಾಚೂಟ್ ಹೊರಗೆ ತಳ್ಳುತ್ತದೆ. ಇಷ್ಟೆಲ್ಲ ಆದ ಮೋಟಾರು ಉರಿಯುವುದು ಎರಡು ಸೆಕೆಂಡಿಗಿಂತ ಕಡಿಮೆ. ನಿಮಗೆ ಇಲ್ಲಿ ಸಿಗದೇ ಇರುವುದು ಆ ಎರಡು ಸೆಕೆಂಡು. ಅದರ ಹಿಂದಿನ ಮೂರು ವಾರದ ಕೆಲಸ ರಾಣೆಬೆನ್ನೂರಿನಲ್ಲಿ ಧಾರಾಳವಾಗಿ ಸಿಗುತ್ತದೆ.

ಕೇರಳದ ತುಂಬಾ ಎಂಬ ಊರಿನ ರಾಕೆಟ್ ಕೇಂದ್ರದಲ್ಲಿ ರಾಕೆಟ್ಟಿನ ಮೂತಿಯನ್ನು ಸೈಕಲ್ ಕ್ಯಾರಿಯರ್ ಮೇಲೆ ಸಾಗಿಸಿದ ಫೋಟೋ ನೆನಪಿಸಿ ನಿಮಗೆ ಸಮಾಧಾನ ಹೇಳಬಹುದಿತ್ತು. ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ 1963ರ ನವೆಂಬರ್ 21ರಂದು ಅಲ್ಲಿಂದ ಮೊದಲು ಹಾರಿದ ನೈಕ್-ಅಪಾಚೆ ಎಂಬ ರಾಕೆಟ್ ಅಮೆರಿಕದಿಂದ ಬಂದಿತ್ತು. ಸೈಕಲ್ಲಿನ ಹಿಂದೆ ಒಂದು ಸರ್ಕಾರವೇ ಇತ್ತು. ನಿಮ್ಮ ಹಿಂದೆ ಇರುವುದು ಓನರ್. ಹಾಗಾಗಿ ಸೈಕಲ್ ಬಿಡಿ, ಸೈಕಲ್ ಪಂಪ್ ತೆಗೆದುಕೊಳ್ಳಿ.

ನೀರಿನ ರಾಕೆಟ್ ಅಂದರೆ ಮಕ್ಕಳಾಟ ಅಂತ ಮೂಗು ಮುರಿಯಬೇಡಿ. ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿ ಬೇಕು. ನೀರಿನ ಬಾಟಲಿ ಆಗುವುದಿಲ್ಲ, ಅದು ತೆಳು. ಕೂಲ್‌ಡ್ರಿಂಕ್ಸ್ ಬಾಟಲಿ ಗ್ಯಾಸಿನ ಒತ್ತಡ ತಡೆಯಲೆಂದೇ ಮಾಡಿದ್ದು. ಬಾಯಿಗೆ ಬಿಗಿಯಾಗಿ ಕೂರುವ ರಬ್ಬರ್ ಕಾರ್ಕ್, ಅದರ ನಡುವೆ ಫುಟ್‌ಬಾಲಿಗೆ ಗಾಳಿ ಹೊಡೆಯುವ ಪಿನ್ನು. ಪಿನ್ನಿನಿಂದ ಪಂಪಿಗೆ ಮೂರು ನಾಲ್ಕು ಮೀಟರ್ ಉದ್ದದ ಟ್ಯೂಬು. ಪಂಕ್ಚರ್ ಅಂಗಡಿಯವರಿಗೆ ಹೇಳಿದರೆ ಟ್ಯೂಬನ್ನು ಗಾಳಿ ಸೋರದಂತೆ ಕೂರಿಸಿಕೊಡುತ್ತಾರೆ, ಯಾಕೆ ಅಂತ ಕೇಳಿ ನಗುತ್ತಾರೆ, ಅಷ್ಟೆ. ರೆಕ್ಕೆಗೆ ಸನ್‌ಪ್ಯಾಕ್ ಶೀಟು, ಟ್ಯೂಷನ್ ಕ್ಲಾಸಿನವರು ಬೋರ್ಡು ಮಾಡಿಸುತ್ತಾರಲ್ಲ, ಅದೇ. ರೆಕ್ಕೆಯನ್ನು ಟೇಪಿನಲ್ಲೇ ಅಂಟಿಸಿ. ಬಿಸಿ ಗ್ಲೂ ಗನ್ ಬೇಡ, ಬಿಸಿಗೆ ಬಾಟಲಿ ಮೆತ್ತಗಾಗಿ ಅಲ್ಲೇ ಒಡೆಯಬಹುದು. ಮೂತಿಗೆ ಅರ್ಧ ಕತ್ತರಿಸಿದ ಸ್ಪಂಜ್ ಬಾಲು, ಅದರೊಳಗೆ ಮಗಳ ಕ್ಲೇ ಒಂದು ನಿಂಬೆಹಣ್ಣಿನಷ್ಟು.

ಬಾಟಲಿಯ ಮೂರನೇ ಒಂದು ಭಾಗ ನೀರು. ಬಾಯಿ ಕೆಳಗೆ ಮಾಡಿ ಮೂರು ಇಟ್ಟಿಗೆಗಳ ನಡುವೆ ನೆಟ್ಟಗೆ ನಿಲ್ಲಿಸಿ, ದೂರ ನಿಂತು ಗಾಳಿ ಹೊಡೆಯಿರಿ. ಒಳಗೆ ಗುಳುಗುಳು ಅಂತ ಗುಳ್ಳೆ ಏಳುತ್ತದೆ. ಹತ್ತೋ ಹದಿನೈದೋ ಸಲ ಹೊಡೆದ ಮೇಲೆ ಪಂಪು ಗಟ್ಟಿಯಾಗುತ್ತದೆ. ಇನ್ನೊಂದು ಸಲ ಒತ್ತೋಣ ಅನ್ನುವಷ್ಟರಲ್ಲಿ ಕಾರ್ಕ್ ಕಿತ್ತುಕೊಂಡು, ಫಟ್! ನೀರಷ್ಟೂ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಖಾಲಿ. ಬರೀ ಗಾಳಿ ತುಂಬಿದರೂ ಬಾಟಲಿ ಹಾರುತ್ತದೆ, ಆದರೆ ಇಷ್ಟು ದೂರ ಹೋಗುವುದಿಲ್ಲ. ಕೆಳಕ್ಕೆ ತೂಕದ್ದೇನನ್ನಾದರೂ ಎಸೆದರೆ ತಾನೇ ಮೇಲಕ್ಕೆ ಜೋರಾಗಿ ಹೋಗುವುದು? ನೀರು ಆ ತೂಕ. ಗಾಳಿ ಬರೀ ಸ್ಪ್ರಿಂಗು. ಹಾರದೇ ಹೋದರೆ ಮಾತ್ರ ಹತ್ತಿರ ಹೋಗಿ ಬಗ್ಗಿ ನೋಡಬೇಡಿ. ಪಂಪಿನ ಕಡೆಯಿಂದ ಗಾಳಿ ಬಿಟ್ಟ ಮೇಲೆಯೇ ಹೋಗಿ.

ನನ್ನ ಮೊದಲ ಬಾಟಲಿಯ ಕತೆ ಹೇಳಲೇಬೇಕು. ರೆಕ್ಕೆ ಚಂದ ಕಾಣಲಿ ಅಂತ ಸಣ್ಣದಾಗಿ ಕತ್ತರಿಸಿದ್ದೆ. ಟೆರೇಸಿನಿಂದ ಬಿಟ್ಟೆ. ಅದು ಮೇಲೆ ಹೋಗಿ, ನಡುವೆಯೇ ಪಲ್ಟಿ ಹೊಡೆದು, ಪಕ್ಕದ ಮನೆಯ ಅಜ್ಜಿ ಒಣಹಾಕಿದ್ದ ಸಂಡಿಗೆ ಮೇಲೆ ಬಿತ್ತು. ಹಿಂದೆಯೇ ನೀರೂ ಬಿತ್ತು. ಎರಡು ಸೇರು ಅಕ್ಕಿಯ ಲೆಕ್ಕ ಕೇಳಿದರು, ಕೊಟ್ಟೆ. ಟೆರೇಸ್ ಬೇಡ ಅಂತ ನಿಮಗೆ ಹೇಳುವ ಹಕ್ಕು ಆ ಎರಡು ಸೇರಿಗೆ ಬಂದದ್ದು.

ಪಲ್ಟಿ ಯಾಕೆ ಹೊಡೆಯಿತು? ರಾಕೆಟ್ಟನ್ನು ಬೆರಳ ಮೇಲೆ ಅಡ್ಡ ಇಟ್ಟರೆ ಸಮತೂಕವಾಗುವ ಜಾಗ ಒಂದು. ಹಾರುವಾಗ ಗಾಳಿ ಪಕ್ಕದಿಂದ ತಳ್ಳಿದರೆ ಆ ತಳ್ಳುವಿಕೆ ಎಲ್ಲ ಸೇರಿ ಬೀಳುವ ಜಾಗ ಇನ್ನೊಂದು. ಸಮತೂಕದ ಜಾಗ ಮುಂದಿರಬೇಕು, ಗಾಳಿಯ ಜಾಗ ಹಿಂದಿರಬೇಕು. ನಡುವೆ ಕನಿಷ್ಠ ಬಾಟಲಿಯ ಒಂದು ದಪ್ಪದಷ್ಟು ಅಂತರ ಇದ್ದರೆ ನೆಮ್ಮದಿ. ಇದಕ್ಕೇ ಮೂತಿಗೆ ಕ್ಲೇ, ಬಾಲಕ್ಕೆ ದೊಡ್ಡ ರೆಕ್ಕೆ. ದೀಪಾವಳಿ ರಾಕೆಟ್ಟಿನ ಉದ್ದನೆ ಕಡ್ಡಿಯೂ ಮಾಡುವುದು ಇದೇ ಕೆಲಸ. ಟಿಪ್ಪುವಿನ ಸೈನ್ಯದ ರಾಕೆಟ್ಟಿಗೂ ಕಬ್ಬಿಣದ ಕೊಳವೆಗೆ ಬಿದಿರು ಕಟ್ಟುತ್ತಿದ್ದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳು ಬಾವಿಯಿಂದ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್ ತೆಗೆದರಲ್ಲ. ನಮ್ಮ ಕಡೆ ಈ ಲೆಕ್ಕ ಹಳೆಯದೇ.

ನಿಮ್ಮದು ಸರಿಯಿದೆಯಾ ಅಂತ ನೋಡಲು ಹಾರಿಸಲೇಬೇಕಿಲ್ಲ. ನೀರು ಹಾಕದ ಬಾಟಲಿಯ ಸಮತೂಕದ ಜಾಗಕ್ಕೆ ಎರಡು ಮೀಟರ್ ದಾರ ಕಟ್ಟಿ ತಲೆಯ ಸುತ್ತ ತಿರುಗಿಸಿ. ಮೂತಿ ಮುಂದೆ ಮಾಡಿಕೊಂಡು ಸುತ್ತಿದರೆ ಸರಿ. ಅಡ್ಡಡ್ಡ ಹೋದರೆ, ಗಿರಗಿರ ತಿರುಗಿದರೆ ಕ್ಲೇ ಇನ್ನಷ್ಟು ಹಾಕಿ. ಇದನ್ನು ವಾರದ ನಡುವೆ, ಸೊಸೈಟಿಯಿಂದ ಬಂದು ಟೀ ಕುಡಿದ ಮೇಲೆ, ಮನೆ ಮುಂದೆಯೇ ಮಾಡಬಹುದು. ಬೀದಿಯವರು ನೋಡುತ್ತಾರೆ. ನೋಡಲಿ.

ಭಾನುವಾರದ ಎರಡು ತಾಸನ್ನು ಅಳೆಯಲು ಇಟ್ಟುಕೊಳ್ಳಿ. ಹಾರಿಸುವ ಜಾಗದಿಂದ 30 ಮೀಟರ್ ಹಗ್ಗ ಹಿಡಿದು ಅಳೆದು, ಅಲ್ಲಿ ಮಗಳನ್ನು ನಿಲ್ಲಿಸಿ. ಅವಳ ಕೈಯಲ್ಲಿ ಜಾಮೆಟ್ರಿ ಬಾಕ್ಸಿನ ಕೋನಮಾಪಕ, ಅದರ ನಡುವಿನ ತೂತಿನಿಂದ ಇಳಿಬಿಟ್ಟ ದಾರ, ದಾರದ ತುದಿಗೆ ಒಂದು ನಟ್ಟು. ನೇರ ಅಂಚಿನ ಉದ್ದಕ್ಕೂ ಕಣ್ಣಿಟ್ಟು ಬಾಟಲಿ ಎಲ್ಲಕ್ಕಿಂತ ಮೇಲೆ ಮುಟ್ಟಿದ ಜಾಗ ನೋಡಿ, ದಾರವನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ದಾರ ತೋರಿಸುವ ಅಂಕಿಯನ್ನು 90ರಿಂದ ಕಳೆದರೆ ಕೋನ ಸಿಗುತ್ತದೆ. 45 ಡಿಗ್ರಿ ಬಂದರೆ ಎತ್ತರ 30 ಮೀಟರ್, 50 ಬಂದರೆ ಸುಮಾರು 36. ಅದಕ್ಕೆ ಅವಳ ಕಣ್ಣಿನ ಎತ್ತರ ಸೇರಿಸಿ. ಟ್ಯಾನ್ ಅನ್ನುವುದನ್ನು ಶಾಲೆಯಲ್ಲಿ ಹೇಳಿಕೊಡುವ ಎಷ್ಟೋ ವರ್ಷ ಮೊದಲೇ ಅವಳಿಗೆ ಅದರ ಪರಿಚಯ ಆಗಿಹೋಗಿರುತ್ತದೆ.

ಒಂದು ವಾರ ನೀರು ಬದಲಿಸಿ: 300, 500, 700, 900 ಮಿಲಿ. ಮುಂದಿನ ವಾರ ಬರೀ ಮೂತಿಯ ತೂಕ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯ್ತು ಅಂತ ತಿಳಿಯದೆ ಜಗಳ ಶುರುವಾಗುತ್ತದೆ. ಕ್ಯಾಷಿಯರಿಗೆ ಪುಸ್ತಕ ಇಡುವುದನ್ನು ನಾನೇನು ಹೇಳಿಕೊಡಲಿ.

ಮೈದಾನ ಇಲ್ಲ ಅಂದಿರಿ. ಶಾಲೆ ಮೈದಾನ ಕೇಳಿ ನೋಡಿ. ಕ್ರಿಕೆಟ್ ಹುಡುಗರು ಎಂಟಕ್ಕೆ ಬರುತ್ತಾರೆ, ನೀವು ಆರೂವರೆಗೆ ಹೋಗಿ. ಬೆಳಿಗ್ಗೆ ಗಾಳಿಯೂ ಕಡಿಮೆ. ಹುಡುಗರು ಬೇಗ ಬಂದರೆ ಓಡಿಸಬೇಡಿ, ಬಾಟಲಿ ಹುಡುಕಿ ತರುವ ಕೆಲಸ ಕೊಡಿ. ಕ್ಯಾಚ್ ಹಿಡಿಯಬಾರದು ಅಂತ ಮಾತ್ರ ಮೊದಲೇ ಗಟ್ಟಿಯಾಗಿ ಹೇಳಿ, ಹಿಡಿದೇ ಹಿಡಿಯುತ್ತಾರೆ ಇಲ್ಲವಾದರೆ. ಗೋವಿನಜೋಳ ಕೊಯ್ದ ಹೊಲವೂ ಆಗುತ್ತದೆ, ಆದರೆ ಕೂಳೆ ಚುಚ್ಚುತ್ತದೆ, ಬೂಟು ಹಾಕಿಕೊಳ್ಳಿ. ಕರೆಂಟಿನ ತಂತಿ ಹತ್ತಿರ ಎಲ್ಲೂ ಬೇಡ.

ಆಷಾಢದ ಗಾಳಿಯಲ್ಲಿ, ಮಳೆಯಲ್ಲಿ ಏನು ಮಾಡುವುದು ಅಂತೀರಾ? ಓಪನ್‌ರಾಕೆಟ್ ಅಂತ ಒಂದು ಸಾಫ್ಟ್‌ವೇರ್ ಇದೆ. ಫಿನ್ಲೆಂಡಿನ ವಿದ್ಯಾರ್ಥಿಯೊಬ್ಬ ತನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ ಶುರುಮಾಡಿದ್ದು. ಬಿಟ್ಟಿ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ನಿಮಗೆ ಸಿಗದ ಆ 'ಸಿ6-5' ಅದರ ಪಟ್ಟಿಯಲ್ಲಿ ಸಿಗುತ್ತದೆ. ಕೊಳವೆ, ರೆಕ್ಕೆ, ಮೂತಿ ಬರೆದು, ಮೋಟಾರು ತುರುಕಿ, ಎಷ್ಟು ಎತ್ತರ ಹೋಗುತ್ತದೆ ನೋಡಬಹುದು. ನಾನು ಮೊದಲು ಬರೆದ ರಾಕೆಟ್ ಅದರಲ್ಲೂ ಪಲ್ಟಿ ಹೊಡೆಯಿತು. ಸಂಡಿಗೆ ಖರ್ಚು ಮಾತ್ರ ಬರಲಿಲ್ಲ.

ತಾಯಿಯವರ ಬಿ.ಪಿ. ಬಗ್ಗೆ ಬರೆದಿದ್ದೀರಿ. ಅವರನ್ನೂ ಒಂದು ಭಾನುವಾರ ಕುರ್ಚಿ ಹಾಕಿ ಕೂರಿಸಿ. ಬೆಂಕಿ ಇಲ್ಲ, ಹೊಗೆ ಇಲ್ಲ, ಒದ್ದೆಯಾಗುವುದು ನೀವೊಬ್ಬರೇ ಅಂತ ಕಣ್ಣಾರೆ ನೋಡಿದರೆ ಆಮೇಲೆ ಕೇಳುವುದಿಲ್ಲ.

ಇನ್ನೊಂದು. ಬಾಟಲಿ ಬಿದ್ದ ಕೂಡಲೇ ಮಗಳಿಗೆ ಓಡಲು ಹೇಳಿ. ಕೆಲವು ಸಲ ಒಳಗೆ ಬೆಳ್ಳಗೆ ಮಂಜು ಕಟ್ಟಿರುತ್ತದೆ. ಒತ್ತಿ ಹಿಡಿದ ಗಾಳಿ ಒಮ್ಮೆಲೇ ಹಿಗ್ಗಿ ತಣ್ಣಗಾದಾಗ ಆಗುವ ಮೋಡ ಅದು. ತಡಮಾಡಿದರೆ ಕರಗಿಹೋಗುತ್ತದೆ. ಎಷ್ಟು ಸಲಕ್ಕೆ ಎಷ್ಟು ಸಲ ಸಿಕ್ಕಿತು ಅನ್ನುವುದನ್ನೂ ಪುಸ್ತಕದಲ್ಲಿ ಬರೆದಿಡಿ, 700 ಮಿಲಿಯ ಅಂಕಿ ಜೊತೆ ನಮಗೂ ಕಳಿಸಿ. ನನ್ನ 700 ಯಾಕೋ 500ಕ್ಕಿಂತ ಕಡಿಮೆ ಹೋಗಿತ್ತು, ಕಾರ್ಕ್ ಸಡಿಲ ಇತ್ತೇನೋ ಅಂತ ಇನ್ನೂ ಅನುಮಾನ.

— ಸಂಪಾದಕ